ಪಕ್ಕದ ಮನೆ ಕೆಡವಿ ಗುಂಡಿ ತೋಡ್ತಿದ್ದಾರೆ, ನಮ್ಮ ಗೋಡೆಯಲ್ಲಿ ಬಿರುಕು. ಹಳೇದೋ ಹೊಸದೋ ಅಂತ ಹೇಗೆ ತೋರಿಸೋದು?

ಮೂಲೆಮನೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಮ್ಮದು ರಸ್ತೆ ತಿರುವಿನ ಮೂಲೆ ಮನೆ. ಒಂದೇ ಅಂತಸ್ತು, ಮೇಲೆ ತಾರಸಿ. ಅಪ್ಪ ಕಟ್ಟಿಸಿದ್ದು 1979ರಲ್ಲಿ. ಪಕ್ಕದಲ್ಲಿ ಒಬ್ಬರು ಮೇಷ್ಟ್ರ ಮನೆ ಇತ್ತು. ನಾನು ಮಗ್ಗಿ ಕಲಿತದ್ದು ಅವರ ಹಿತ್ತಲ ಕಟ್ಟೆ ಮೇಲೆ ಕೂತು. ಅವರು ತೀರಿಕೊಂಡ ಮೇಲೆ ಮಕ್ಕಳು ಮಾರಿದರು. ಅದರಾಚೆಗಿನ ಎರಡು ಮನೆಗಳನ್ನೂ ಸೇರಿಸಿ ಒಬ್ಬ ಬಿಲ್ಡರ್ ತಗೊಂಡಿದ್ದಾರೆ. ಹನ್ನೆರಡು ಮಹಡಿ ಏಳುತ್ತಂತೆ, ಕೆಳಗೆ ಎರಡು ಬೇಸ್‌ಮೆಂಟ್.

ಮೇಷ್ಟ್ರ ಮನೆ ಕೆಡವೋಕೆ ನಾಲ್ಕು ದಿನ ಸಾಕಾಯ್ತು. ಮೂರನೇ ದಿನ ಸಂಜೆ ಅಡುಗೆಮನೆಯ ಹಸಿರು ಗೋಡೆ ಒಂದೇ ನಿಂತಿತ್ತು, ಗೂಡು, ಗೂಡಿನ ಮೇಲಿನ ಹೊಗೆ ಕಲೆ ಸಮೇತ. ಆ ಗೋಡೆಯ ಒಳಮುಖವನ್ನ ನಮ್ಮ ಬಚ್ಚಲ ಕಿಟಕಿಯಿಂದ ನೋಡೋ ದಿನ ಬರುತ್ತೆ ಅಂತ ಯಾರು ಅಂದ್ಕೊಂಡಿದ್ರು. ಮರುದಿನ ಅದೂ ಇಲ್ಲ.

ಈಗ ಗುಂಡಿ. ಏಳು ಮೀಟರ್ ಆಳ ಅಂತಾರೆ. ಹಗಲೂ ರಾತ್ರಿ ಒಂದು ಪಂಪು ಗುಂಯ್ ಅಂತ ನೀರು ಎಳೀತಾ ಇರುತ್ತೆ. ನೆಲದೊಳಗೆ ಆಳಕ್ಕೆ ಕಂಬ ಇಳಿಸೋ ಪೈಲಿಂಗ್ ಮಿಷನ್ ಶುರುವಾದ್ರೆ ಶೋಕೇಸಿನ ಗಾಜು ಕಿಣಿಕಿಣಿ. ಹೋದ ವಾರ ಕಸ ಗುಡಿಸುವಾಗ ನೋಡ್ತೀನಿ, ನಡುಮನೆಯ ಕಿಟಕಿ ಮೂಲೆಯಿಂದ ಸೂರಿನವರೆಗೆ ಓರೆಯಾಗಿ ಒಂದು ಬಿರುಕು. ಬಚ್ಚಲ ಗೋಡೆಯಲ್ಲೂ ಒಂದು ಸಣ್ಣದು. ಸೈಟ್ ಎಂಜಿನಿಯರನ್ನ ಕರೆಸಿದೆ. ಚಿಕ್ಕ ಹುಡುಗ, ಮರ್ಯಾದೆಯಾಗೇ ಮಾತಾಡಿದ. ನಡುಮನೆಯ ಬಿರುಕಿಗೆ ಟಾರ್ಚ್ ಬಿಟ್ಟು "ಮೇಡಂ, ಇದು ಹಳೇದು, ಒಳಗೆ ಧೂಳು ಕೂತಿದೆ ನೋಡಿ" ಅಂದ. ಧೂಳು ಯಾರದ್ದಪ್ಪ ಅಂತ ಕೇಳಬೇಕಿತ್ತು. ಹೊಳೆದದ್ದು ರಾತ್ರಿ ಮಲಗಿದ ಮೇಲೆ.

ನನ್ನ ಹತ್ರ ಸಾಕ್ಷಿ ಇಲ್ಲ. ಮನೆಯ ಸಾವಿರ ಫೋಟೋ ಇದೆ, ಒಂದೊಂದರಲ್ಲೂ ಗೋಡೆಗೆ ಅಡ್ಡ ಯಾರಾದ್ರೂ ನಿಂತು ಹಲ್ಲು ಕಿರಿದಿದ್ದಾರೆ. ಬರೀ ಗೋಡೆಯ ಫೋಟೋ ಯಾರು ತೆಗೀತಾರೆ?

ಇನ್ನೊಂದು ವಿಷಯ. ಅಪ್ಪನಿಗೆ 84. ಬೆಳಿಗ್ಗೆ ಪೂರ್ವದ ಬಾಗಿಲ ಮೆಟ್ಟಿಲ ಮೇಲೆ ಪೇಪರ್ ಹಿಡ್ಕೊಂಡು ಬಿಸಿಲಿಗೆ ಕೂರ್ತಾರೆ. ಕಟ್ಟಡ ಏಳ್ತಿರೋದು ಅದೇ ಪೂರ್ವಕ್ಕೆ, ಮೆಟ್ಟಿಲಿಂದ ಆರು ಮೀಟರ್ ದೂರದಲ್ಲಿ. ಬಿಸಿಲು ಎಷ್ಟು ಹೋಗುತ್ತೆ ಅಂತ ಲೆಕ್ಕ ಹಾಕೋಕೆ ಬರುತ್ತಾ? ಮತ್ತೆ ರಾತ್ರಿ ಹನ್ನೊಂದಕ್ಕೆ ಕಾಂಕ್ರೀಟ್ ಲಾರಿ ಬರೋದು ಅಷ್ಟು ಅಗತ್ಯವಾ?

ಬಿಲ್ಡರ್ ಕಡೆಯವರು ಎರಡು ಸಲ ಬಂದು "ನೀವೂ ಕೊಡೋ ಹಾಗಿದ್ರೆ ಹೇಳಿ" ಅಂದು ಹೋಗಿದ್ದಾರೆ. ಅದರ ಬಗ್ಗೆ ನಾನೇನೂ ಕೇಳ್ತಿಲ್ಲ. ಸುಮ್ಮನೆ ಹೇಳಿದೆ.

ಕಂಬಿಲೆಕ್ಕ:

ಮೂಲೆಮನೆ ಸಾರ್, ನಾನು ಸ್ಟ್ರಕ್ಚರಲ್ ಎಂಜಿನಿಯರ್. ನಿಮ್ಮ ಗೋಡೆ ನೋಡದೆ ತೀರ್ಪು ಕೊಡಲ್ಲ, ಆದ್ರೆ ಕೆಲವು ಮಾತು ಹೇಳಬಹುದು.

ನೀವು ಹೆದರಿರೋದು ಪೈಲಿಂಗ್ ಮಿಷನ್ನಿಗೆ. ನಾನಾಗಿದ್ರೆ ಪಂಪಿಗೆ ಹೆದರ್ತಿದ್ದೆ. ಕಂಪನವನ್ನ ಅಳೆಯೋದು ಸೆಕೆಂಡಿಗೆ ಇಷ್ಟು ಮಿಲಿಮೀಟರ್ ಅಂತ. ಮನೆಯೊಳಗೆ ಕೂತವರಿಗೆ 0.3 ಆಸುಪಾಸಿನಲ್ಲೇ ನಡುಕ ಗೊತ್ತಾಗುತ್ತೆ. ಜರ್ಮನಿಯ ಡಿಐಎನ್ 4150 ಮಾನದಂಡದಲ್ಲಿ ವಾಸದ ಮನೆಯ ಅಡಿಪಾಯಕ್ಕೆ, ಕಡಿಮೆ ಆವರ್ತನದ ಕಂಪನಕ್ಕೆ, ಇಟ್ಟಿರೋ ಮಿತಿ 5. ಗಾಜು ಕಿಣಿಕಿಣಿ ಅಂದಾಕ್ಷಣ ಗೋಡೆಗೆ ಪೆಟ್ಟು ಬಿತ್ತು ಅಂತಲ್ಲ. ನಮ್ಮ ಮೈ ಗೋಡೆಗಿಂತ ಬೇಗ ದೂರು ಕೊಡುತ್ತೆ.

ಪಂಪು ಹಾಗಲ್ಲ. ಗುಂಡಿ ಒಣಗಿರಲಿ ಅಂತ ನೀರು ಎಳೆದಾಗ ಸುತ್ತಲಿನ ಅಂತರ್ಜಲವೂ ಇಳಿಯುತ್ತೆ. ಮಣ್ಣಿನ ಕಣಗಳ ನಡುವೆ ನೀರು ಹೊರ್ತಿದ್ದ ಭಾರ ಕಣಗಳ ಮೇಲೇ ಬೀಳುತ್ತೆ. ಜೇಡಿಮಣ್ಣಾದ್ರೆ ನಿಧಾನಕ್ಕೆ, ತಿಂಗಳುಗಟ್ಟಲೆ ಕುಗ್ತಾ ಹೋಗುತ್ತೆ. ಮನೆ ಪೂರ್ತಿ ಒಂದೇ ಸಮ ಕುಸಿದ್ರೆ ಅಷ್ಟು ತೊಂದರೆ ಇಲ್ಲ, ಗುಂಡಿ ಕಡೆಯ ಮೂಲೆ ಮಾತ್ರ ಇಳಿದ್ರೆ ಗೋಡೆ ಓರೆಯಾಗಿ ಸೀಳುತ್ತೆ. ಕಿಟಕಿ, ಬಾಗಿಲ ಮೂಲೆಗಳೇ ಮೊದಲು ಬಿಡೋದು. ಇದರ ಜೊತೆ ಗುಂಡಿಯ ಪಕ್ಕದ ಮಣ್ಣು ಗುಂಡಿ ಕಡೆಗೆ ಸರಿಯೋದೂ ಇದೆ. ಶೋರಿಂಗ್, ಅಂದ್ರೆ ಗುಂಡಿಯ ಅಂಚಿನ ಮಣ್ಣು ಕುಸಿಯದ ಹಾಗೆ ಕೊಡೋ ತಡೆ, ಎಷ್ಟು ಗಟ್ಟಿ ಅನ್ನೋದು ಅಲ್ಲಿ ಮುಖ್ಯ.

ಇಂಗ್ಲೆಂಡಿನಲ್ಲಿ 1996ರ ಒಂದು ಕಾಯ್ದೆಯೇ ಇದೆ, ಪಾರ್ಟಿ ವಾಲ್ ಕಾಯ್ದೆ. ಪಕ್ಕದ ಮನೆಗೆ ಹತ್ತಿರದಲ್ಲಿ ಅದರ ಪಾಯಕ್ಕಿಂತ ಕೆಳಗೆ ಅಗೆಯೋದಾದ್ರೆ ಮೊದಲು ಆ ಮನೆಯವರಿಗೆ ನೋಟಿಸ್ ಕೊಡಬೇಕು. ಕೆಲಸಕ್ಕೆ ಮುಂಚೆ ಆ ಮನೆಯ ಬಿರುಕುಗಳನ್ನೆಲ್ಲ ಫೋಟೋ ಸಮೇತ ಪಟ್ಟಿ ಮಾಡಿಡೋದು ಅಲ್ಲಿ ರೂಢಿ. ನಿಮ್ಮಲ್ಲಿ ಅದು ಆಗಿಲ್ಲ. ಇವತ್ತೇ ನೀವೇ ಮಾಡಿ, ತಡವಾದ್ರೂ ಪರವಾಗಿಲ್ಲ. ಪ್ರತಿ ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಹಾಕಿ ತಾರೀಕು ಬರೀರಿ. ಬಿರುಕಿನ ಎರಡು ಪಕ್ಕ ಒಂದೊಂದು ಸಣ್ಣ ಸ್ಕ್ರೂ ಕೂರಿಸಿ ನಡುವಿನ ಅಂತರವನ್ನ ವರ್ನಿಯರ್‌ನಲ್ಲಿ (ಮಿಲಿಮೀಟರಿನ ಸಣ್ಣ ಭಾಗವನ್ನೂ ಅಳೆಯೋ ಸಾಧನ) ಅಳೀರಿ. ವಾರಕ್ಕೆರಡು ಸಲ, ದಿನದ ಅದೇ ಹೊತ್ತಿಗೆ. ಬಿಸಿಲಿಗೆ ಗೋಡೆ ಹಿಗ್ಗಿ ಕುಗ್ಗುತ್ತೆ, ಬೆಳಗಿನ ಅಳತೆಯನ್ನ ಮಧ್ಯಾಹ್ನದ್ದಕ್ಕೆ ಹೋಲಿಸಿದ್ರೆ ಇಲ್ಲದ ಭೂತ ಕಾಣಿಸುತ್ತೆ. ಬ್ರಿಟನ್ನಿನ ಎಂಜಿನಿಯರುಗಳ ವರ್ಗೀಕರಣದಲ್ಲಿ 1 ಮಿ.ಮೀ.ವರೆಗಿನ ಬಿರುಕು ತೀರಾ ಅಲ್ಪ, 5ರವರೆಗೆ ಅಲ್ಪ, 15 ದಾಟಿದ್ರೆ ತೀವ್ರ. ಒಂದು ದಿನದ ಅಗಲಕ್ಕಿಂತ ಅದು ಬೆಳೀತಿದ್ಯಾ ಅನ್ನೋದೇ ದೊಡ್ಡದು.

ಹಳೇ ಫೋಟೋಗಳನ್ನ ಇನ್ನೊಮ್ಮೆ ಜಾಲಾಡಿ. ಮನುಷ್ಯರ ಫೋಟೋ ಬಿಡಿ, ಸಾಮಾನಿನ ಫೋಟೋ ಹುಡುಕಿ. ಕೊಂಡದ್ದು, ಮಾರಿದ್ದು, ಕೆಟ್ಟಿದ್ದು.

ಬಿಸಿಲಿನ ಲೆಕ್ಕ ಸುಲಭ, ಉತ್ತರ ಕಹಿ. ಹನ್ನೆರಡು ಮಹಡಿ ಅಂದ್ರೆ ಸುಮಾರು 36 ಮೀಟರ್. ಸೂರ್ಯ 45 ಡಿಗ್ರಿ ಮೇಲಿದ್ದಾಗ ನೆರಳು ಕಟ್ಟಡದಷ್ಟೇ ಉದ್ದ, 30ರಲ್ಲಿ 1.73 ಪಟ್ಟು. ನೀವು ಆರೇ ಮೀಟರ್ ದೂರದಲ್ಲಿದ್ದೀರಿ. ಕಟ್ಟಡದ ನೆತ್ತಿ ದಾಟಿ ಬಿಸಿಲು ಮೆಟ್ಟಿಲಿಗೆ ಬೀಳಬೇಕಾದ್ರೆ ಸೂರ್ಯ 80 ಡಿಗ್ರಿ ಏರಬೇಕು. ಅಂದ್ರೆ ಹೆಚ್ಚುಕಡಿಮೆ ನಡುನೆತ್ತಿ. ಕಟ್ಟಡದ ಪಕ್ಕದಿಂದ ನುಸುಳಿ ಬಂದ್ರೆ ಬಂತು.

ಹತ್ತಿರದವ:

ಮಾರಿ ಹೋಗಿ. ಭಾವನೆಗೆ ಬೆಲೆ ಇಲ್ಲ.

ನಾನು ಈ ವ್ಯವಹಾರದಲ್ಲೇ ಇರೋನು, ಅದಕ್ಕೇ ಹೇಳ್ತೀನಿ. ನಿಮ್ಮ ಮನೆ ಇರೋ ಹಾಗೇ ಇದ್ದರೆ ಆ ಜಾಗದಿಂದ ಎಷ್ಟು ಹುಟ್ಟುತ್ತೆ, ಅಲ್ಲೇ ದೊಡ್ಡ ಕಟ್ಟಡ ಎದ್ದರೆ ಎಷ್ಟು ಹುಟ್ಟುತ್ತೆ? ಈ ಎರಡರ ನಡುವಿನ ಅಂತರಕ್ಕೇ ಬಿಲ್ಡರ್ ಬರೋದು. ನೀಲ್ ಸ್ಮಿತ್ ಅನ್ನೋ ಭೂಗೋಳ ತಜ್ಞರು 1979ರಲ್ಲಿ ಇದಕ್ಕೆ ರೆಂಟ್ ಗ್ಯಾಪ್ ಅಂತ ಹೆಸರಿಟ್ಟರು. ನಮ್ಮಂಥವರಿಗೆ ಹೆಸರಿಲ್ಲದೇನೇ ಗೊತ್ತಿತ್ತು.

ಆದ್ರೆ ಒಂದು ಮಾತು ಯಾರೂ ಹೇಳಲ್ಲ. ಅವರಿಗೆ ನಿಮ್ಮ ಮೂಲೆ ಬೇಕಿರೋದು ಪಕ್ಕದ ಜಾಗದ ಜೊತೆ ಸೇರಿಸೋಕೆ. ಪಕ್ಕದಲ್ಲಿ ಕಟ್ಟಡ ಎದ್ದು ಮುಗಿದ ಮೇಲೆ ನಿಮ್ಮದು ಒಂಟಿ ತುಂಡು. ಸುತ್ತ ಜಾಗ ಬಿಡೋ ನಿಯಮ ಲೆಕ್ಕ ಹಾಕಿದ್ರೆ ಅದರ ಮೇಲೆ ಎತ್ತರದ್ದು ಏಳೋದೇ ಇಲ್ಲ. ಎರಡು ಸಲ ಬಂದವರು ಮೂರನೇ ಸಲ ಬರ್ತಾರೆ ಅಂತ ಕೂರಬೇಡಿ.

ಮೂಲೆಮನೆ:

ಕಂಬಿಲೆಕ್ಕ ಅವರೇ, ತುಂಬಾ ಉಪಕಾರ ಆಯ್ತು. ನಾನು ಸಾರ್ ಅಲ್ಲ, ಪರವಾಗಿಲ್ಲ. 80 ಡಿಗ್ರಿ ಲೆಕ್ಕವನ್ನ ಅಪ್ಪನಿಗೆ ಓದಿ ಹೇಳಿದೆ. "ಹಾಗಾದ್ರೆ ಹನ್ನೆರಡು ಗಂಟೆಗೆ ಪೇಪರ್ ಓದ್ತೀನಿ ಬಿಡು" ಅಂದ್ರು.

ಹತ್ತಿರದವ ಅವರೇ, ಮೊದಲ ಸಾಲು ಓದಿ ಸಿಟ್ಟು ಬಂತು. ಕೊನೇ ಸಾಲು ಓದಿದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ. ಒಂಟಿ ತುಂಡಿನ ವಿಚಾರ ನಿಜಕ್ಕೂ ಗೊತ್ತಿರಲಿಲ್ಲ. ಆದ್ರೂ ಅಪ್ಪ ಇರೋವರೆಗೆ ಆ ಮಾತು ಮನೆಯಲ್ಲಿ ಎತ್ತಲ್ಲ.

ಕೊನೆಬಸ್ಸು:

ಅಕ್ಕಾ, ಮಾರದೇ ಉಳಿದವರ ಎರಡು ಕಥೆ ಹೇಳ್ತೀನಿ. ಯಾವುದೂ ಉಪದೇಶಕ್ಕಲ್ಲ.

ಚೀನಾದಲ್ಲಿ ಇಂಥ ಮನೆಗೆ ಮೊಳೆಮನೆ ಅಂತಾರೆ. ಹಲಗೆಯಿಂದ ಕೀಳೋಕೆ ಬರದ ಮೊಳೆ ಅಂತ. 2007ರಲ್ಲಿ ಚಾಂಗ್‌ಚಿಂಗ್ ಊರಲ್ಲಿ ಸುತ್ತ ಎಲ್ಲ ಅಗೆದುಬಿಟ್ಟು, ದೊಡ್ಡ ಹಳ್ಳದ ನಡುವೆ ಮಣ್ಣಿನ ದಿಬ್ಬದ ಮೇಲೆ ಒಂದೇ ಮನೆ ನಿಂತಿತ್ತು. ಆ ಫೋಟೋ ಲೋಕವೆಲ್ಲ ಓಡಾಡಿತು. ಕೊನೆಗೆ ಆ ದಂಪತಿ ಒಪ್ಪಂದಕ್ಕೆ ಬಂದರು, ಏಪ್ರಿಲ್‌ನಲ್ಲಿ ಮನೆ ಕೆಡವಿದರು.

ಇನ್ನೊಂದು ಅಮೆರಿಕದ ಸಿಯಾಟಲ್‌ನದ್ದು. ಈಡಿತ್ ಮೇಸ್‌ಫೀಲ್ಡ್ ಅನ್ನೋ ಅಜ್ಜಿ 2006ರಲ್ಲಿ ದೊಡ್ಡ ಮೊತ್ತ ಕೊಡ್ತೀವಿ ಅಂದ್ರೂ ಪುಟ್ಟ ಮನೆ ಬಿಡಲಿಲ್ಲ. ಮೂರು ಕಡೆಯಿಂದ ಕಟ್ಟಡ ಬಂದು ಸುತ್ತಿಕೊಂಡಿತು. ಜನ ಅವರನ್ನ ಹೋರಾಟಗಾರ್ತಿ ಅಂದ್ರು, ಅಜ್ಜಿಗೆ ಹೋರಾಟ ಗೀರಾಟ ಏನೂ ಇರಲಿಲ್ಲ, ಎದ್ದು ಹೋಗೋಕೆ ಮನಸ್ಸಿರಲಿಲ್ಲ ಅಷ್ಟೆ. 2008ರಲ್ಲಿ, 86ನೇ ವಯಸ್ಸಿಗೆ ತೀರಿಕೊಂಡರು. ಮನೆ ಬರೆದಿಟ್ಟದ್ದು ಯಾರಿಗೆ ಗೊತ್ತಾ? ಪಕ್ಕದ ಕಟ್ಟಡದ ಕೆಲಸ ನೋಡ್ಕೊಳ್ತಿದ್ದ ಮೇಲ್ವಿಚಾರಕನಿಗೆ. ಆಸ್ಪತ್ರೆಗೆ ಕರ್ಕೊಂಡು ಹೋಗೋದರಿಂದ ಊಟದವರೆಗೆ ಅಜ್ಜಿಯನ್ನ ನೋಡ್ಕೊಂಡಿದ್ದು ಅವನೇ.

ನಿಮ್ಮ ಸೈಟ್ ಎಂಜಿನಿಯರ್ ಹುಡುಗ ಮರ್ಯಾದೆಯಾಗಿ ಮಾತಾಡಿದ ಅಂದ್ರಲ್ಲ, ಅದಕ್ಕೆ ನೆನಪಾಯ್ತು. ಮನೆ ಬರೆದುಕೊಡಿ ಅಂತ ಹೇಳ್ತಿಲ್ಲ ಮತ್ತೆ!

ಒಂಬತ್ತನೇಮಹಡಿ:

ನಾನು ಆಚೆ ಕಡೆಯವನು. ಇಂಥದೇ ಒಂದು ಕಟ್ಟಡದಲ್ಲಿ ಫ್ಲಾಟ್ ಕೊಂಡು ಆರು ವರ್ಷ ಆಯ್ತು. ಕೆಳಗೆ ನಿಮ್ಮದರಂಥ ಒಂದು ಮನೆ ಇದೆ. ಅವರ ತಾರಸಿಯಲ್ಲಿ ಯಾವ ಬಟ್ಟೆ ಒಣಗ್ತಿದೆ ಅಂತ ಹೇಳಬಲ್ಲೆ, ಉಟ್ಟವರು ಎದುರು ಬಂದ್ರೆ ಗುರುತು ಸಿಗಲ್ಲ. ಡೆನ್ಮಾರ್ಕಿನ ವಾಸ್ತುಶಿಲ್ಪಿ ಯಾನ್ ಗೇಲ್, ಐದನೇ ಮಹಡಿ ದಾಟಿದ್ರೆ ಮನುಷ್ಯನಿಗೂ ಬೀದಿಗೂ ಸಂಬಂಧ ಕಡಿಯುತ್ತೆ ಅಂತಾರೆ. ಅಷ್ಟು ಮೇಲಿಂದ ಮುಖ ಕಾಣಲ್ಲ, ಕೂಗಿದ್ರೆ ಕೇಳಲ್ಲ. ಮೇಲಿಂದ ಲೋಕ ಬಹಳ ಶಾಂತ ಅನಿಸುತ್ತೆ, ಅದೇ ಮೋಸ.

ನಾವು ಮಾಡಿದ ಒಂದು ತಪ್ಪು ಹೇಳ್ಕೋಬೇಕು. ಹಿಂದಿನ ಬೀದಿಯಲ್ಲಿ ಒಬ್ಬ ಬಡಗಿ ಇದ್ದ. ಮೂವತ್ತು ವರ್ಷದಿಂದ ಅದೇ ಶೆಡ್ಡು. ಗರಗಸದ ಸದ್ದು ಜಾಸ್ತಿ ಅಂತ ನಮ್ಮ ನಿವಾಸಿಗಳ ಸಂಘದಿಂದ ಪತ್ರ ಹೋಯ್ತು, ಸಹಿ ಮಾಡಿದವರಲ್ಲಿ ನಾನೂ ಒಬ್ಬ. ಎರಡು ವರ್ಷದಲ್ಲಿ ಅವನು ಖಾಲಿ ಮಾಡಿದ. ಈಗ ಬೀರುವಿನ ಬಾಗಿಲು ಜೋತುಬಿದ್ದು ಎಂಟು ತಿಂಗಳಾಯ್ತು, ಬಂದು ನೋಡೋರು ಒಬ್ಬರಿಲ್ಲ. ಆಮೇಲೆ ಗೊತ್ತಾಯ್ತು, ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 2014ರಿಂದ ಬೇರೆ ನಿಯಮ ಇದೆ. ಹಾಡು ಕುಣಿತದ ಜಾಗದ ಪಕ್ಕ ಹೊಸ ಮನೆ ಕಟ್ಟುವವನೇ ಸದ್ದು ತಡೆಯೋ ವ್ಯವಸ್ಥೆ ಮಾಡ್ಕೋಬೇಕು, ಮೊದಲೇ ಇದ್ದವನ ಮೇಲೆ ಹೊರೆ ಹಾಕೋ ಹಾಗಿಲ್ಲ. ಇಂಗ್ಲೆಂಡ್ 2018ರಲ್ಲಿ ಇದೇ ತತ್ವವನ್ನ ತನ್ನ ಯೋಜನಾ ನೀತಿಗೆ ಸೇರಿಸಿತು.

ನಿಮ್ಮ ಬೀದಿಯ ಬಗ್ಗೆ ನನಗೆ ಬಿಸಿಲಿಗಿಂತ ಕಾರುಗಳ ಯೋಚನೆ. ಎರಡು ಬೇಸ್‌ಮೆಂಟ್ ತುಂಬ ಕಾರು, ಹೊರಬರೋದು ನಿಮ್ಮ ಮೂಲೆಯಲ್ಲೇ. ಡೊನಾಲ್ಡ್ ಆಪಲ್‌ಯಾರ್ಡ್ ಅನ್ನೋ ನಗರ ವಿನ್ಯಾಸ ತಜ್ಞರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದೇ ತರದ ಮೂರು ಬೀದಿ ಹೋಲಿಸಿದ್ದರು. ದಿನಕ್ಕೆ 2,000 ವಾಹನ ಓಡೋ ಬೀದಿಯಲ್ಲಿ ಒಬ್ಬೊಬ್ಬರಿಗೆ ಅದೇ ಬೀದಿಯಲ್ಲಿ ಸರಾಸರಿ ಮೂವರು ಸ್ನೇಹಿತರು. 16,000 ಓಡೋ ಬೀದಿಯಲ್ಲಿ ಒಬ್ಬರೂ ತುಂಬಲ್ಲ, 0.9. ಗೇಟ್ ಯಾವ ಕಡೆ ಇಡ್ತಾರೆ ಅಂತ ನಕ್ಷೆ ಕೇಳಿ ನೋಡಿ. ಗೋಡೆ ಎದ್ದ ಮೇಲೆ ಕೇಳಿದ್ರೆ ಯಾರೂ ಬದಲಾಯಿಸಲ್ಲ.

ರಾತ್ರಿಪಾಳಿ:

ನಾನು ಇಂಥ ಗುಂಡಿಗಳಲ್ಲೇ ಕೆಲಸ ಮಾಡೋ ಸೂಪರ್‌ವೈಸರ್. ಎಲ್ಲರ ಬೈಗುಳ ತಿನ್ನೋನು.

ಅಮ್ಮಾ, ರಾತ್ರಿ ಕಾಂಕ್ರೀಟು ಹಾಕೋದು ನಮಗೂ ಇಷ್ಟ ಇಲ್ಲ. ಬಹಳ ಊರುಗಳಲ್ಲಿ ಹಗಲು ದೊಡ್ಡ ಲಾರಿ ಒಳಗೆ ಬಿಡಲ್ಲ. ಇನ್ನೊಂದು, ಬುನಾದಿಯ ರಾಫ್ಟ್, ಅಂದ್ರೆ ಕಟ್ಟಡದ ಅಡಿಗೆಲ್ಲ ಹರಡೋ ದಪ್ಪ ಕಾಂಕ್ರೀಟ್ ಹಾಸು, ಒಂದೇ ಸಮ ಹಾಕಬೇಕು. ಕಲಸಿದ ಕಾಂಕ್ರೀಟು ಕೆಲವೇ ಗಂಟೆಯಲ್ಲಿ ಬಿಗಿಯೋಕೆ ಶುರುವಾಗುತ್ತೆ. ಅರ್ಧಕ್ಕೆ ನಿಲ್ಲಿಸಿ ಬೆಳಿಗ್ಗೆ ಬಂದು ಮುಂದುವರಿಸಿದ್ರೆ ಹಳೇದೂ ಹೊಸದೂ ಬೆಸೆಯಲ್ಲ. ಅದನ್ನ ಕೋಲ್ಡ್ ಜಾಯಿಂಟ್ ಅಂತೀವಿ. ನೀರು ಒಸರೋದು ಅಲ್ಲಿಂದಲೇ. ಹಾಗಂತ ಕಂಬಿ ಇಳಿಸೋದು, ಸೆಂಟ್ರಿಂಗ್ ಹಲಗೆ ಬಿಚ್ಚಿ ಎಸೆಯೋದು ರಾತ್ರಿ ಮಾಡಬೇಕಾಗಿಲ್ಲ. ಅದಕ್ಕೆ ಜಗಳ ಆಡಿ, ನ್ಯಾಯ ನಿಮ್ಮದೇ.

ಕಾಂಕ್ರೀಟು ಯಾವತ್ತು ಅಂತ ಸೈಟ್ ಎಂಜಿನಿಯರಿಗೆ ಎರಡು ದಿನ ಮೊದಲೇ ಗೊತ್ತಿರುತ್ತೆ. ಫೋನಿಗೆ ಒಂದು ಮೆಸೇಜ್ ಹಾಕು ಅಂತ ಕೇಳಿ, ಅವತ್ತು ಅಪ್ಪಾಜಿಯನ್ನ ಹಿಂದಿನ ರೂಮಲ್ಲಿ ಮಲಗಿಸಿ. ಮಾಲೀಕರಿಗೆ ಪತ್ರ ಬರೆದ್ರೆ ವಕೀಲರ ಉತ್ತರ ಬರುತ್ತೆ. ಹುಡುಗನ್ನ ಕೇಳಿದ್ರೆ ಕೆಲಸ ಆಗುತ್ತೆ.

ಮತ್ತೆ ಒಂದು ಗುಟ್ಟು. ಸರಿಯಾಗಿ ನಡೆಯೋ ಸೈಟಿನಲ್ಲಿ ಒಂದು ರಿಜಿಸ್ಟರ್ ಇರುತ್ತೆ. ಗುಂಡಿ ಪಕ್ಕದ ಕೊಳವೆಯಲ್ಲಿ ನೀರಿನ ಮಟ್ಟ ಎಷ್ಟು, ಶೋರಿಂಗ್ ಎಷ್ಟು ಸರಿದಿದೆ ಅಂತ ಬರೆದಿಡ್ತಾರೆ. ನಿಮ್ಮ ಬಿರುಕಿನ ಅಳತೆ ತಗೊಂಡು ಹೋಗಿ ಅದರ ಪಕ್ಕ ಇಟ್ಟು ನೋಡಿ. ಬರಿಗೈಲಿ ಹೋದ್ರೆ ರಿಜಿಸ್ಟರ್ ತೋರಿಸಲ್ಲ.

ಮೂಲೆಮನೆ (ಐದು ವಾರ ಆದಮೇಲೆ):

ಏನಾಯ್ತು ಅಂತ ಹೇಳದೆ ಇರೋದು ಸರಿಯಲ್ಲ, ಅದಕ್ಕೆ ಬರೀತಿದ್ದೀನಿ.

ಕಂಬಿಲೆಕ್ಕ ಅವರು ಹೇಳಿದ ಹಾಗೆ ಸಾಮಾನಿನ ಫೋಟೋ ಹುಡುಕಿದೆ. ಎರಡು ರಾತ್ರಿ ಹಿಡಿಯಿತು. 2016ರದ್ದು ಒಂದು ಸಿಕ್ಕಿತು. ಗೋಡೆ ಗಡಿಯಾರ ನಿಂತುಹೋಗಿತ್ತು, ರಿಪೇರಿಯವರಿಗೆ ಯಾವ ಮಾಡೆಲ್ ಅಂತ ತೋರಿಸೋಕೆ ತೆಗೆದದ್ದು. ಗಡಿಯಾರ ಹತ್ತೂ ಇಪ್ಪತ್ತು ತೋರಿಸ್ತಿದೆ. ಅದರ ಎಡಕ್ಕೆ ಕಿಟಕಿ ಮೂಲೆ. ಮೂಲೆಯಿಂದ ಸೂರಿಗೆ ಓರೆಯಾಗಿ ಅದೇ ಬಿರುಕು. ದೊಡ್ಡದು ಮಾಡಿ ನೋಡಿದ್ರೆ ಒಳಗೆ ಧೂಳೂ ಇದೆ.

ಹತ್ತು ನಿಮಿಷ ಸುಮ್ಮನೆ ಕೂತೆ. ಅಷ್ಟು ವರ್ಷ ಅದರ ಕೆಳಗೇ ಓಡಾಡಿದ್ದೀನಿ, ಕಂಡಿಲ್ಲ. ಪಕ್ಕದ ಮನೆ ಹೋದಮೇಲೆ ಕಾಣಿಸಿತು. ಫೋಟೋ ಅಳಿಸಿಬಿಡೋಣ ಅಂತ ಮನಸ್ಸಿಗೆ ಬಂದದ್ದು ನಿಜ, ಇಲ್ಲಿ ಸುಳ್ಳು ಯಾಕೆ ಹೇಳಲಿ.

ಮಾರನೇ ದಿನ ಆ ಹುಡುಗನಿಗೆ ತೋರಿಸಿದೆ. ಅವನು ಗೆದ್ದೆ ಅನ್ನೋ ಮುಖ ಮಾಡಲಿಲ್ಲ. "ಇದನ್ನ ತೋರಿಸೋರು ಯಾರೂ ಇಲ್ಲ ಮೇಡಂ" ಅಂದ. ಆಮೇಲೆ ಬಚ್ಚಲ ಗೋಡೆಯದನ್ನ ತೋರಿಸಿದೆ. ಮಗಳ ಕಾಲೇಜಿನ ವರ್ನಿಯರ್‌ನಲ್ಲಿ ಸೋಮವಾರ, ಗುರುವಾರ ಬೆಳಿಗ್ಗೆ ಏಳಕ್ಕೆ ಅಳೆದು ಬರೆದಿದ್ದೆ. ಮೊದಲ ದಿನಕ್ಕಿಂತ 0.2 ಮಿ.ಮೀ. ಜಾಸ್ತಿ, ಆಮೇಲೆ 0.3, 0.5, 0.6. ಅವನು ಆಗ ನಗಲಿಲ್ಲ. ರಿಜಿಸ್ಟರ್ ತಂದ. 0.3 ಇದ್ದದ್ದು 0.5 ಆದ ವಾರವೇ ಕೊಳವೆಯ ನೀರು ಒಂದೂವರೆ ಮೀಟರ್ ಇಳಿದಿದೆ. ಇಬ್ಬರೂ ಬಚ್ಚಲಲ್ಲಿ ನಿಂತು ಎರಡು ಪುಸ್ತಕ ಪಕ್ಕಪಕ್ಕ ಇಟ್ಟು ನೋಡಿದ್ವಿ. ಅದೇ ವಾರ ಅವರ ಕಡೆಯ ಹಿರಿಯ ಎಂಜಿನಿಯರ್ ಬಂದು ನಮ್ಮ ಮೂಲೆಯ ಎದುರಿಗೆ ಇನ್ನೆರಡು ಉಕ್ಕಿನ ಆನಿಕೆ ಕೊಡಿಸಿದರು, ಪಂಪಿನ ವೇಗ ಇಳಿಸಿದರು. ಬಚ್ಚಲ ಗೋಡೆ ರಿಪೇರಿ ನಮ್ಮದು ಅಂತ ಬರೆದೂ ಕೊಟ್ಟರು. ನಡುಮನೆಯದಕ್ಕೆ ಕೊಡಲಿಲ್ಲ, ನಾನೂ ಕೇಳಲಿಲ್ಲ.

ಗೇಟು ನಮ್ಮ ಮೂಲೆಗೇ ಇದೆ. ನಕ್ಷೆ ಆಗಲೇ ಮಂಜೂರಾಗಿದೆಯಂತೆ. ಅದು ಆಗಲಿಲ್ಲ.

ಕಾಂಕ್ರೀಟಿನ ಮೆಸೇಜ್ ಎರಡು ದಿನ ಮೊದಲೇ ಬರ್ತಿದೆ. ಅಪ್ಪ ಈಗ ಕುರ್ಚಿ ಹಾಕ್ಕೊಂಡು ಗುಂಡಿ ನೋಡ್ತಾ ಕೂರ್ತಾರೆ. ಇನ್ನೂ ನೆಲ ಬಿಟ್ಟು ಮೇಲೆ ಎದ್ದಿಲ್ಲವಲ್ಲ, ಬಿಸಿಲು ಇದೆ. ಎಷ್ಟು ಟಿಪ್ಪರ್ ಮಣ್ಣು ಹೋಯ್ತು ಅಂತ ಪೇಪರಿನ ಅಂಚಲ್ಲಿ ಗೆರೆ ಹಾಕ್ತಾರೆ. ನಿನ್ನೆಗೆ 412.

ಒಂದು ಪ್ರಶ್ನೆ ಉಳಿದಿದೆ. ಬಚ್ಚಲ ಬಿರುಕು ಎರಡು ವಾರದಿಂದ 0.6ರಲ್ಲೇ ನಿಂತಿದೆ. ಅವರ ಮೇಸ್ತ್ರಿ ನಾಳೆನೇ ಬಂದು ಗಾರೆ ಮೆತ್ತಿ ಬಣ್ಣ ಹೊಡೆದು ಕೊಡ್ತೀನಿ ಅಂತಿದ್ದಾನೆ. ಮಾಡಿಸ್ಲಾ?

ಕಂಬಿಲೆಕ್ಕ:

ಬೇಡ ಮೇಡಂ, ಈಗ ಮೆತ್ತಿಸಬೇಡಿ. ಬೇಸ್‌ಮೆಂಟಿನ ಗೋಡೆ, ಮೇಲಿನ ಸ್ಲ್ಯಾಬ್ ಎಲ್ಲ ಆಗಿ ಪಂಪು ಪೂರ್ತಿ ನಿಲ್ಲಬೇಕು. ನೀರು ಮತ್ತೆ ತನ್ನ ಮಟ್ಟಕ್ಕೆ ಏರುವಾಗ ಗೋಡೆ ಇನ್ನೊಮ್ಮೆ ಅಲ್ಪ ಅಲುಗಾಡಬಹುದು. ಅದಾಗಿ ಒಂದು ಮಳೆಗಾಲ, ಒಂದು ಬೇಸಿಗೆ ಕಳೀಲಿ. ಅಲ್ಲಿವರೆಗೆ ಸ್ಕ್ರೂ ಹಾಗೇ ಇರಲಿ, ಸೋಮವಾರ ಗುರುವಾರ ತಪ್ಪಿಸಬೇಡಿ.

ಬರೆದುಕೊಟ್ಟ ಕಾಗದದಲ್ಲಿ ತಾರೀಕು, ಸಹಿ ಇದೆಯಾ ಒಮ್ಮೆ ನೋಡ್ಕೊಳ್ಳಿ.

ಮೂಲೆಮನೆ:

ಸಹಿ ಇದೆ. ತಾರೀಕು ಇಲ್ಲ! ಈಗಲೇ ಹೋಗ್ತೀನಿ, ಹುಡುಗ ಇನ್ನೂ ಸೈಟಿನಲ್ಲೇ ಇದ್ದಾನೆ, ಹೆಲ್ಮೆಟ್ ಕಾಣಿಸ್ತಿದೆ.